ನಲವತ್ತು ತಿರುವುಗಳಾಚೆಯ ಮೊದಲ ತುತ್ತು

ಪೊಳ್ಳಾಚಿಯ ತೆಂಗಿನ ತೋಪುಗಳನ್ನು ಹಿಂದಿಕ್ಕಿ ಆಳಿಯಾರು ಅಣೆಕಟ್ಟನ್ನು ದಾಟಿದೊಡನೆ ರಸ್ತೆಯು ಬೆಟ್ಟಕ್ಕೆ ಮುಖಮಾಡುತ್ತದೆ. ಅಲ್ಲಿಂದ ವಾಲ್ಪಾರೈವರೆಗೆ ನಲವತ್ತು ಹೇರ್‌ಪಿನ್ ತಿರುವುಗಳು. ಪ್ರತಿಯೊಂದಕ್ಕೂ ಸಂಖ್ಯೆಯ ಫಲಕವುಂಟು. ಒಂಬತ್ತನೆಯ ತಿರುವಿನಲ್ಲಿ ಲೋಮ್ಸ್ ವ್ಯೂ ಎಂಬ ನೋಟದ ತಾಣ. ಅಲ್ಲಿ ವಾಹನ ನಿಲ್ಲಿಸಿದವರಿಗೆ ಕೆಳಗೆ ಆಳಿಯಾರಿನ ನೀರು, ಪಕ್ಕದ ಬಂಡೆಗಳ ಮೇಲೆ ಅದೃಷ್ಟವಿದ್ದರೆ ವರೆಯಾಡುಗಳು ಕಾಣಸಿಗುತ್ತವೆ. ಪ್ರವಾಸಿಗರು ಚಿತ್ರ ತೆಗೆದುಕೊಳ್ಳುತ್ತಾರೆ. ಇಳಿಯುವ ಬಸ್ಸಿನಲ್ಲಿ ಕೂತ ತಾಯಂದಿರಿಗೆ ಈ ದೃಶ್ಯದ ಕಡೆ ಗಮನವಿರುವುದಿಲ್ಲ. ಮಡಿಲಿನ ಕೂಸು ಎಷ್ಟನೆಯ ತಿರುವಿನಲ್ಲಿ ಹಾಲು ಕಕ್ಕೀತು ಎಂಬುದೇ ಅವರ ಲೆಕ್ಕ.

ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದಲ್ಲಿ, ಆನೆಮಲೆಯ ನೆತ್ತಿಯ ಮೇಲೆ ಹಾಸಿದ ಹಸಿರು ಜಮಖಾನೆಯಂತಿರುವ ಈ ಊರಿನ ಸುತ್ತ ಕಾಡೇ ಕಾಡು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಹರಡಿರುವ ಆನೆಮಲೆ ಹುಲಿ ಸಂರಕ್ಷಿತ ಪ್ರದೇಶ ಒಂದು ಕಡೆ, ಕೇರಳದ ಅರಣ್ಯ ಇನ್ನೊಂದು ಕಡೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ವರ್ ಮಾರ್ಷ್ ಮೊದಲಾದ ಆಂಗ್ಲ ತೋಟಗಾರರು ಇಲ್ಲಿ ಕಾಡು ಕಡಿದು ಗಿಡ ನೆಟ್ಟರು. ಮಾರ್ಷ್‌ನ ಪ್ರತಿಮೆ ಇಂದಿಗೂ ಕವರ್ಕಲ್ಲಿನ ರಸ್ತೆಬದಿಯಲ್ಲಿ ನಿಂತಿದೆ. ಕಡಿದವರ, ನೆಟ್ಟವರ ಪ್ರತಿಮೆ ಎಲ್ಲಿಯೂ ಇಲ್ಲ. ಅವರ ಬದುಕನ್ನು ಅಕ್ಷರಕ್ಕಿಳಿಸಿದವರು ಇಲ್ಲಿ ವೈದ್ಯರಾಗಿದ್ದ ಪಿ. ಎಚ್. ಡೇನಿಯಲ್. 1969ರಲ್ಲಿ ಪ್ರಕಟವಾದ ಅವರ 'ರೆಡ್ ಟೀ' ಕಾದಂಬರಿಯಿಂದಲೇ 2013ರ ತಮಿಳು ಚಲನಚಿತ್ರ 'ಪರದೇಸಿ' ಸ್ಫೂರ್ತಿ ಪಡೆಯಿತು.

ಸ್ವಾತಂತ್ರ್ಯ ಬಂದ ಮೇಲೆ 1951ರ ತೋಟ ಕಾರ್ಮಿಕರ ಕಾಯಿದೆ ಬಂತು. ಐವತ್ತು ಅಥವಾ ಹೆಚ್ಚು ಮಹಿಳೆಯರು ದುಡಿಯುವ, ಇಲ್ಲವೇ ಅವರ ಮಕ್ಕಳ ಸಂಖ್ಯೆ ಇಪ್ಪತ್ತು ಮುಟ್ಟುವ ತೋಟಗಳಲ್ಲಿ ಶಿಶುವಿಹಾರದ ಕೋಣೆ ಇರಬೇಕು. ಅದಕ್ಕೆ ಗಾಳಿ, ಬೆಳಕು, ಶುಚಿತ್ವ ಇರಬೇಕು. ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸೊಬ್ಬಳು ಅದನ್ನು ನೋಡಿಕೊಳ್ಳಬೇಕು ಎಂದು ಆ ಕಾಯಿದೆ ವಿಧಿಸಿತು. ವಾಲ್ಪಾರೈಯ ತೋಟಗಳಲ್ಲಿ ಲೈನ್ ಮನೆಗಳ ಸಾಲಿನ ಸಮೀಪ ಕಾಣುವ, ಗೋಡೆಗೆ ಗಿಳಿ ಮೊಲಗಳ ಚಿತ್ರ ಬರೆದ ಚಿಕ್ಕ ಕಟ್ಟಡಗಳು ಈ ಕಾಯಿದೆಯ ಕೂಸುಗಳು. ಕೆಲಸಕ್ಕೆ ಹೋಗುವ ತಾಯಿ ಬೆಳಗಿನ ಮಂಜಿನಲ್ಲಿ ಮಗುವನ್ನು ಅಲ್ಲಿಯ ಆಯಾಳ ಕೈಗೆ ಒಪ್ಪಿಸಿ, ಬೆನ್ನಿಗೆ ಚೀಲ ಕಟ್ಟಿಕೊಂಡು ಇಳಿಜಾರಿನತ್ತ ನಡೆಯುತ್ತಾಳೆ.

ಒಂದು ಲೆಕ್ಕವನ್ನು ಇಲ್ಲಿ ನೋಡಬೇಕು. 2017ರ ತಿದ್ದುಪಡಿಯ ನಂತರ ಮೊದಲೆರಡು ಹೆರಿಗೆಗಳಿಗೆ ದೊರೆಯುವ ವೇತನಸಹಿತ ರಜೆ 26 ವಾರ. ಇದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುನ್ನವೇ ಪಡೆಯಬಹುದು. ಎಂದರೆ ತಾಯಿ ಚಹಾ ಗಿಡಗಳ ನಡುವೆ ಮರಳಿ ನಿಲ್ಲುವಾಗ ಮಗುವಿಗೆ ಸುಮಾರು ನಾಲ್ಕು ತಿಂಗಳಿಂದ ಆರು ತಿಂಗಳು. ಎದೆಹಾಲಿನ ಜೊತೆಗೆ ಗಟ್ಟಿ ಆಹಾರ ಆರಂಭವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಯಸ್ಸು ಅದೇ ಆರು ತಿಂಗಳು. ಬಯಲು ಸೀಮೆಯ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಕಲಿಸುವ ತುತ್ತಿನ ಪಾಠವನ್ನು ಈ ಬೆಟ್ಟದಲ್ಲಿ ಹಗಲೆಲ್ಲ ಕಲಿಸುವವಳು ಶಿಶುವಿಹಾರದ ಆಯಾ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆರಡು ಬಾರಿ ಹಾಲೂಡಿಸಲು ಬಿಡುವು ಕೊಡಬೇಕೆಂದು ಕಾನೂನು ಹೇಳುತ್ತದೆ, ನಿಜ. ಆದರೆ ಕೊಯ್ಲು ನಡೆಯುವ ಇಳಿಜಾರು ಶಿಶುವಿಹಾರಕ್ಕೆ ಒಂದು ದಿನ ಹತ್ತಿರವಿದ್ದರೆ ಮರುದಿನ ದೂರ.

ಉಣ್ಣುವುದು ಹುಟ್ಟಿನಿಂದ ಬಂದ ವಿದ್ಯೆಯೆಂದು ಹಲವರು ತಿಳಿಯುತ್ತಾರೆ. ಹುಟ್ಟಿನಿಂದ ಬರುವುದು ಚೀಪುವುದು ಮಾತ್ರ, ಮಿಕ್ಕುದೆಲ್ಲ ಕಲಿಕೆ. ಮೊದಲ ತಿಂಗಳುಗಳಲ್ಲಿ ತುಟಿಗೆ ತಾಗಿದ ಗಟ್ಟಿ ವಸ್ತುವನ್ನು ನಾಲಗೆ ತಾನಾಗಿಯೇ ಹೊರಕ್ಕೆ ನೂಕುತ್ತದೆ. ನಾಲ್ಕರಿಂದ ಆರು ತಿಂಗಳ ನಡುವೆ ಆ ಸ್ವಭಾವ ಸಡಿಲುತ್ತದೆ. ಅದರ ಶೇಷವನ್ನು ಕಂಡು 'ಮಗುವಿಗೆ ಇದು ಹಿಡಿಸಲಿಲ್ಲ' ಎಂದು ಬಟ್ಟಲನ್ನು ಎತ್ತಿಡುವವರು ಬಹಳ. ಮುಂದೆ ನಾಲಗೆ ಅಕ್ಕಪಕ್ಕಕ್ಕೆ ಹೊರಳಲು ಕಲಿಯಬೇಕು, ತುತ್ತನ್ನು ದವಡೆಯ ಮೇಲೆ ದೂಡಬೇಕು, ಉಸಿರನ್ನು ಕ್ಷಣಕಾಲ ತಡೆದು ನುಂಗಬೇಕು. ಇದಕ್ಕೊಂದು ಹದವಾದ ಕಾಲವಿದೆ ಎಂದು 1964ರಲ್ಲಿಯೇ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಮತ್ತು ಲಿಸ್ಟರ್ ಎಂಬ ವೈದ್ಯರು ಬರೆದರು. ಹತ್ತು ತಿಂಗಳು ಕಳೆದರೂ ಗಂಟುಗಂಟಾದ ಆಹಾರದ ರುಚಿ ಕಾಣದ ಮಕ್ಕಳಲ್ಲಿ ಮುಂದೆ ಊಟದ ತಕರಾರು ಹೆಚ್ಚೆಂದು ಬ್ರಿಸ್ಟಲ್ ಪ್ರದೇಶದ ಅಧ್ಯಯನವೊಂದು 2001ರಲ್ಲಿ ತೋರಿಸಿತು. ಮಗು ಓಕರಿಸಿತೆಂದು ಹೆದರಿ ಎರಡು ವರ್ಷದವರೆಗೂ ಸೋಸಿದ ಗಂಜಿಯನ್ನೇ ಕುಡಿಸುವ ಪ್ರೀತಿ, ಪ್ರೀತಿಯೇ ಆದರೂ, ಆ ಕಾಲವನ್ನು ಕಳೆದುಬಿಡುತ್ತದೆ.

ಗಂಜಿಯಲ್ಲಿ ಇನ್ನೊಂದು ತೊಡಕಿದೆ. ಬೇಯಿಸಿದ ಹಿಟ್ಟು ಆರಿದಂತೆ ಗಟ್ಟಿಯಾಗುತ್ತದೆ. ತಾಯಿ ನೀರು ಬೆರೆಸುತ್ತಾಳೆ. ಅಂಗೈಯಷ್ಟು ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಇದಕ್ಕೆ ಉತ್ತರವನ್ನು ಕನ್ನಡ ನಾಡಿನ ಅಡುಗೆಮನೆ ಹಿಂದೆಯೇ ಕಂಡುಕೊಂಡಿತ್ತು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ, ಬಟ್ಟೆಯಲ್ಲಿ ಜಾಲಿಸಿ ಮಾಡುವ ರಾಗಿಸರಿಯನ್ನು ಉಡುಮಲೈ, ಪೊಳ್ಳಾಚಿ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡ ನುಡಿಯ ಮನೆಗಳವರಿಗೆ ವಿವರಿಸಬೇಕಾಗಿಲ್ಲ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳ್ಳಗೆ ಉಳಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರುಕಾಳುಗಳ ಶಿಶು ಆಹಾರವನ್ನು ಈ ತತ್ತ್ವದ ಮೇಲೆಯೇ ರೂಪಿಸಿದರು. ತಮಿಳುನಾಡಿನ ಅಂಗನವಾಡಿಗಳು ಹಂಚುವ ಸತ್ತುಮಾವಿನಲ್ಲಿಯೂ ಬೆಲ್ಲ, ಬೇಳೆಗಳ ಜೊತೆಗೆ ರಾಗಿಯುಂಟು.

ಈ ರಾಜ್ಯಕ್ಕೆ ಮಕ್ಕಳ ಹೊಟ್ಟೆಯ ಬಗ್ಗೆ ದೀರ್ಘ ನೆನಪಿದೆ. 1956ರಲ್ಲಿ ಕಾಮರಾಜರ ಶಾಲಾ ಮಧ್ಯಾಹ್ನದೂಟ, 1982ರಲ್ಲಿ ಎಂ.ಜಿ.ಆರ್. ಅವರ ವಿಸ್ತರಣೆ, 2022ರಲ್ಲಿ ಬೆಳಗಿನ ಉಪಾಹಾರ. ಶಿಶುವಿಹಾರದ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು 1980ರಲ್ಲಿ ಆರಂಭವಾದ ತಮಿಳುನಾಡು ಸಮಗ್ರ ಪೌಷ್ಟಿಕತಾ ಯೋಜನೆ. ಆರು ತಿಂಗಳಿಂದ ಮೂರು ವರ್ಷದ ಕೂಸುಗಳನ್ನು ತಿಂಗಳು ತಿಂಗಳೂ ತೂಗಿ, ತೂಕದ ಗೆರೆ ಬಾಗಿದ ಮಗುವಿಗೆ ಮಾತ್ರ ಹೆಚ್ಚಿನ ಆಹಾರ ಕೊಟ್ಟು, ತಾಯಿಗೆ ತಿಳಿಹೇಳುವ ಕ್ರಮ ಅದು. ತಕ್ಕಡಿ ಸುಳ್ಳು ಹೇಳುವುದಿಲ್ಲ. ಆದರೆ ಗೆರೆ ಏಕೆ ಬಾಗಿತೆಂಬುದನ್ನೂ ಅದು ಹೇಳುವುದಿಲ್ಲ.

ಬಟ್ಟಲಲ್ಲಿ ಅನ್ನವಿದ್ದೂ ಉಣ್ಣಲಾರದ ಮಕ್ಕಳುಂಟು. ದಿನ ತುಂಬದೆ ಹುಟ್ಟಿದವರು, ಸೀಳುಂಗುಳ ಇರುವವರು, ಮೆದುಳಿನ ಪಾರ್ಶ್ವವಾಯುವಿನಿಂದ ಕತ್ತು ನಿಲ್ಲದವರು. ಚೀಪಲು ಬಲವಿಲ್ಲದ ಎಳೆಗೂಸಿಗೆ ತಮಿಳರ ಪಾಲಾಡೈ, ಕನ್ನಡಿಗರ ಒಳಲೆ ಇಂದಿಗೂ ಉಪಕಾರಿ. ಭಾರತದ ದೊಡ್ಡ ಆಸ್ಪತ್ರೆಗಳ ನವಜಾತ ಘಟಕಗಳಲ್ಲಿಯೂ ಬಾಟಲಿಯ ಬದಲು ಅದನ್ನೇ ಬಳಸುತ್ತಾರೆ. ಆದರೆ ಕಾಲ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಚೆಲ್ಲಿ, ಗಂಟಲಿಗೆ ಸುರಿಯುವ ಹಳೆಯ ರೂಢಿ ಅಪಾಯದ್ದು. ಹಾಲು ಶ್ವಾಸಕೋಶದ ದಾರಿ ಹಿಡಿಯುತ್ತದೆ. ನೆಟ್ಟಗೆ ಕೂರಿಸಿ, ಗಲ್ಲ ತುಸು ತಗ್ಗಿಸಿ, ಚಮಚದ ತುದಿಯಿಂದ ನಾಲಗೆಯನ್ನು ಮೆಲ್ಲನೆ ಒತ್ತಿ, ಮಗು ನುಂಗುವವರೆಗೆ ಕಾಯುವುದು ಸರಿಯಾದ ಕ್ರಮ. ಮೊಳಕೆ ರಾಗಿಯ ತೆಳುಸರಿಯೂ ಇಂಥ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ನುಂಗಲು ಕಷ್ಟಪಡುವ ಮಗುವಿನ ಬಾಯಲ್ಲಿ ತೆಳ್ಳನೆಯದು ಬೇಗ ಜಾರಿ ದಾರಿ ತಪ್ಪಬಹುದು. ಗಟ್ಟಿಯಾದುದು ನಿಧಾನವಾಗಿ ಹೋಗುತ್ತದೆ. ಇದನ್ನು ಗುರುತಿಸಲು ನುರಿತ ಕಣ್ಣು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ವಾಕ್ ತಜ್ಞರು ಮಾತಿನ ಜೊತೆಗೆ ನುಂಗುವಿಕೆಯನ್ನೂ ತಿದ್ದುತ್ತಾರೆ.

ವಾಲ್ಪಾರೈಯ ಮಗುವಿಗೆ ಆ ಕಣ್ಣು ನಲವತ್ತು ತಿರುವುಗಳ ಕೆಳಗಿದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬಂದು ಪರೀಕ್ಷಿಸಬೇಕೆಂಬುದು ನಿಯಮ. ದೋಷ ಕಂಡರೆ ಚೀಟಿ ಬರೆದು ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಪೊಳ್ಳಾಚಿಗೆ ಅರವತ್ತು ಚಿಲ್ಲರೆ, ಕೊಯಮತ್ತೂರಿಗೆ ನೂರಕ್ಕೂ ಮೀರಿದ ಕಿಲೋಮೀಟರು. ಹೋದ ದಿನದ ಕೂಲಿ ಇಲ್ಲ. ಚಿನ್ನಕಲ್ಲಾರಿನಂಥ ಮಳೆಯ ತವರು ಪಕ್ಕದಲ್ಲಿರುವ ಈ ಬೆಟ್ಟದಲ್ಲಿ ಜೂನ್‌ನಿಂದ ಬಸ್ಸಿಗಾಗಿ ಕಾಯುವುದೂ ಒಂದು ಕೆಲಸವೇ. ಉಣಿಸುವ ಚಿಕಿತ್ಸೆ ಒಂದು ಭೇಟಿಗೆ ಮುಗಿಯುವಂಥದಲ್ಲ. ವಾರ ವಾರ ನೋಡಿ ತಿದ್ದಬೇಕಾದುದು. ನಾಲ್ಕನೆಯ ಭೇಟಿಗೆ ತಾಯಿ ಬಾರದಿದ್ದರೆ ಅದನ್ನು ಅಲಕ್ಷ್ಯವೆನ್ನುವುದು ಅನ್ಯಾಯ.

ಇಲ್ಲಿಯ ನೀರಾರು ಅಣೆಕಟ್ಟಿನ ಬಳಿ ಚಹಾ ಸಂಶೋಧನಾ ಸಂಸ್ಥೆಯೊಂದಿದೆ. ಅದನ್ನು ನಡೆಸುವ ಉಪಾಸಿ, ಅಂದರೆ ದಕ್ಷಿಣ ಭಾರತದ ತೋಟಗಾರರ ಸಂಘ, 1893ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಎರಡೆಲೆ ಒಂದು ಮೊಗ್ಗಿನ ಆರೋಗ್ಯಕ್ಕೆ ಬೆಟ್ಟದ ಮೇಲೆಯೇ ತಜ್ಞರಿದ್ದಾರೆ. ಶಿಶುವಿಹಾರದ ಆಯಾಳಿಗೆ ತೋಟದಲ್ಲಿಯೇ ಉಣಿಸುವ ವಿದ್ಯೆ ಕಲಿಸಿ, ತಿಂಗಳಿಗೊಮ್ಮೆ ತಜ್ಞರೊಬ್ಬರು ಬೆಟ್ಟ ಹತ್ತುವುದು ಅಸಾಧ್ಯವಲ್ಲ. ಒಬ್ಬರು ಹತ್ತಿದರೆ ಹಲವು ತಾಯಂದಿರು ಇಳಿಯುವುದು ತಪ್ಪುತ್ತದೆ.

ತೋಟದ ಜನವೂ ಬದಲಾಗಿದ್ದಾರೆ. ತಮಿಳು ಕುಟುಂಬಗಳ ಮಕ್ಕಳು ತಿರುಪ್ಪೂರು, ಕೊಯಮತ್ತೂರುಗಳ ಗಿರಣಿಗಳತ್ತ ನಡೆದರೆ, ಅವರ ಲೈನ್ ಮನೆಗಳಿಗೆ ಜಾರ್ಖಂಡ್, ಅಸ್ಸಾಮಿನಿಂದ ಬಂದವರು ಸೇರಿದ್ದಾರೆ. ಮನೆಯಲ್ಲಿ ಒಂದು ನುಡಿ, ತುತ್ತಿನ ಜೊತೆ ಕೇಳುವುದು ಇನ್ನೊಂದು. ಹೊಸ ರುಚಿಯೊಂದನ್ನು ಮಗು ಒಪ್ಪಲು ಎಂಟು ಹತ್ತು ಬಾರಿಯಾದರೂ ನೀಡಿ ನೋಡಬೇಕಾಗುತ್ತದೆ. ಮನೆಯ ಹಿತ್ತಿಲಿಗೆ ಚಿರತೆ ಬರುವ ಈ ಸೀಮೆಯಲ್ಲಿ ಮಗುವನ್ನು ಅಂಗಳದಲ್ಲಿ ಕೂರಿಸಿ ಚಂದಮಾಮನನ್ನು ತೋರಿಸುತ್ತ ಉಣಿಸುವ ಸುಖವೂ ಇಲ್ಲ. ಚಿರತೆಗೆ ಮಕ್ಕಳನ್ನು ಕಳೆದುಕೊಂಡ ಮನೆಗಳು ಇಲ್ಲಿವೆ. ಸಂಜೆಯ ಊಟ ಬಾಗಿಲು ಮುಚ್ಚಿ ನಡೆಯುತ್ತದೆ.

ಎಲೆ ತೂಗಿ ಮುಗಿದ ಮೇಲೆ ತಾಯಂದಿರು ಒಬ್ಬೊಬ್ಬರಾಗಿ ಶಿಶುವಿಹಾರದ ಮೆಟ್ಟಿಲಿಗೆ ಬರುತ್ತಾರೆ. ಬೆರಳುಗಳಿಗೆ ಚಹಾದ ಕಪ್ಪು ಕಲೆ, ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯಿಂದ ಇನ್ನೂ ಜಿನುಗುವ ನೀರು. ಮಗುವನ್ನು ಎತ್ತಿಕೊಳ್ಳುವ ಮೊದಲೇ ಕೇಳುವ ಮಾತು ಒಂದೇ: 'ಸಾಪ್ಟಾನಾ?' ಉಂಡನೇ? ಆಯಾ ಬಟ್ಟಲನ್ನು ಓರೆಮಾಡಿ ತೋರಿಸುತ್ತಾಳೆ. ಒಂದೊಂದು ದಿನ ತಳದಲ್ಲಿ ಉಳಿದದ್ದು ನಾಲ್ಕು ಚಮಚ, ಒಂದೊಂದು ದಿನ ಎರಡು.