ಗೋಡೆದೀಪವೂ ಕಾಣದ ತಂತಿಯೂ

ಹಿಂದೆ ಮಲೆನಾಡಿನ ಮನೆಗಳಲ್ಲಿ ದೀಪವು ದಿನದಿನವೂ ಸೇವೆಯನ್ನು ಬೇಡುತ್ತಿತ್ತು. ಹೊತ್ತು ಮುಳುಗುವ ಮುನ್ನ ಲಾಟೀನಿನ ಗಾಜನ್ನು ಬೂದಿಯಿಂದುಜ್ಜಿ ಒರೆಸಬೇಕು; ಬತ್ತಿಯನ್ನು ಕತ್ತರಿಸಿ ಸಮಮಾಡಬೇಕು; ಸೀಮೆಎಣ್ಣೆಯನ್ನು ಅಳತೆಯರಿತು ತುಂಬಬೇಕು; ಮಲಗುವ ಮೊದಲು ದೀಪಗಳೆಲ್ಲ ಆರಿವೆಯೇ ಎಂದು ಯಾರಾದರೊಬ್ಬರು ನೋಡಿಬರಬೇಕು. ಇಷ್ಟಾದರೂ ದೊರೆಯುತ್ತಿದ್ದ ಬೆಳಕು ಅಲ್ಪವೇ. ಆದರೆ ಬೆಂಕಿಯೊಡನೆ ಬಾಳುತ್ತಿರುವೆವೆಂಬ ಎಚ್ಚರವು ಮನೆಯವರಲ್ಲಿ ಒಂದು ದಿನವೂ ಮಾಸುತ್ತಿರಲಿಲ್ಲ.

ವಿದ್ಯುದ್ದೀಪವು ಈ ದುಡಿಮೆಯನ್ನೆಲ್ಲ ತಪ್ಪಿಸಿತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು 1948ರಲ್ಲಿ ಜೋಗದ ವಿದ್ಯುದಾಗಾರವನ್ನು ನಡೆಸತೊಡಗಿತು; 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಸಾಗರ ಹೊಸನಗರ ಸೀಮೆಯ ಎಷ್ಟೋ ಮನೆ ತೋಟಗಳು ನೀರಿನಡಿಯಾದವು. ಬೆಳಕಿಗೆ ಈ ನಾಡು ತೆತ್ತ ಬೆಲೆ ಸಣ್ಣದಲ್ಲ. ಆದರೂ, ಗುಂಡಿಯೊತ್ತಿದೊಡನೆ ಬೆಳಗುವ ದೀಪಕ್ಕೆ ಎಚ್ಚರವೇ ಬೇಡವೆಂಬ ಭಾವನೆ ಮನೆಮನೆಯಲ್ಲಿಯೂ ಬೇರೂರಿದೆ. ನಿಜವಾಗಿ, ಹಿಂದೆ ಪ್ರತಿಸಂಜೆಗೂ ಹಂಚಿಹೋಗುತ್ತಿದ್ದ ಎಚ್ಚರವೆಲ್ಲವೂ ಈಗ ತಂತಿಯೆಳೆಯುವ ಒಂದು ದಿನದಲ್ಲಿ ಕೂಡಿಬಂದಿದೆ. ಅಂದು ನಡೆದ ತಪ್ಪು ಗಾರೆಯೊಳಗೆ ವರ್ಷಗಟ್ಟಲೆ ಅಡಗಿರಬಲ್ಲುದು.

ಕುವೆಂಪು ಅವರು ಬೆಳೆದ ಕುಪ್ಪಳ್ಳಿಯ ಮನೆಯನ್ನು ಕಂಡವರು ಆ ಬಗೆಯ ಕಟ್ಟಡವನ್ನು ಬಲ್ಲರು: ನಡುವೆ ತೊಟ್ಟಿ, ಸುತ್ತ ಜಗಲಿ, ದಪ್ಪ ಮರದ ಕಂಬಗಳು, ಮೇಲೆ ಹೆಂಚಿನ ಮಾಡು. ಆ ಸೀಮೆಯ ಅಂತಹ ಹಳೆಯ ಮನೆಯೊಂದರ ಯಜಮಾನರು, ಕಣ್ಣು ಮಂಜಾದ ತಾಯಿಯವರ ಓದಿಗೆಂದು ಜಗಲಿಯಲ್ಲಿ ಎರಡು ಗೋಡೆದೀಪಗಳನ್ನು ಹಾಕಿಸಬೇಕೆಂದಿರುವರು ಎಂದಿಟ್ಟುಕೊಳ್ಳಬಹುದು. ಕೆಳಗೆ ಸಾಕೆಟ್ಟೊಂದು ಇದ್ದೇ ಇದೆ. ಅಲ್ಲಿಂದಲೇ ತಂತಿಯೆಳೆದರಾಯಿತೆಂದು ತೋರುವುದು ಸಹಜ. ಒಂಬತ್ತು ವ್ಯಾಟಿನ ಎರಡು ಎಲ್‌ಇಡಿ ದೀಪಗಳು ಸೆಳೆಯುವ ವಿದ್ಯುತ್ತು ಆಂಪಿಯರಿನ ಕಾಲುಭಾಗವೂ ಆಗದು. 6 ಆಂಪಿಯರಿನ ಸಾಕೆಟ್ಟಿಗೆ ಅದು ಹೊರೆಯೇ ಅಲ್ಲ.

ಅಪಾಯವಿರುವುದು ಹೊರೆಯಲ್ಲಲ್ಲ, ಜೋಡಣೆಯಲ್ಲಿ. ಸಾಕೆಟ್ಟು ನೀರು ಕಾಯಿಸುವ ಯಂತ್ರಕ್ಕೆಂದು ಹಾಕಿದ 16 ಆಂಪಿಯರಿನದಾಗಿದ್ದರೆ, ಅದರ ಫ್ಯೂಸು ದೀಪದ ತೆಳುತಂತಿಯನ್ನು ಕಾಯಲಾರದು. ಫ್ಯೂಸು ಕರಗುವ ಮೊದಲೇ ತಂತಿ ಕಾಯುವುದು, ಪಕ್ಕದಲ್ಲಿಯೇ ಒಣಮರವಿರುವುದು. ಸ್ವಿಚ್ಚು ಫೇಸ್ ತಂತಿಯನ್ನೇ ಕಡಿಯಬೇಕು. ನ್ಯೂಟ್ರಲನ್ನು ಕಡಿದರೆ ದೀಪವಾರಿದರೂ ಅದರ ಹಿಡಿಯಲ್ಲಿ ವಿದ್ಯುತ್ತು ಉಳಿದಿರುವುದು. ಲೋಹದ ದೀಪಕ್ಕೆ ಅರ್ಥ್ ತಂತಿ ತಪ್ಪಬಾರದು. ತಂತಿಗಳ ಕೂಡಿಕೆಯನ್ನು ಗಾರೆಯಲ್ಲಿ ಹೂಳದೆ, ಮುಂದೆ ಬಿಚ್ಚಿನೋಡಬಹುದಾದ ಪೆಟ್ಟಿಗೆಯೊಳಗಿರಿಸಬೇಕು. ಸಾಕೆಟ್ಟಿನಿಂದ ದೀಪದವರೆಗೆ ತಂತಿಯು ನೆಟ್ಟಗೆ ಮೇಲೇರಿದರೆ, ನಾಳೆ ಪಟ ತೂಗುಹಾಕಲು ಮೊಳೆ ಹೊಡೆಯುವವರಿಗೆ ಅದರ ದಾರಿ ತಿಳಿಯುವುದು.

ಆಷಾಢದ ಮಳೆಯಲ್ಲಿ ಮಣ್ಣಿನ ಗೋಡೆ ತೇವವನ್ನು ಕುಡಿಯುವುದು; ಬರಿಗಾಲಿನ ವೃದ್ಧೆ ತಣ್ಣನೆಯ ನೆಲದ ಮೇಲೆ ನಿಂತೇ ದೀಪಕ್ಕೆ ಕೈ ಚಾಚುವರು. ಆದುದರಿಂದ 30 ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ರಕ್ಷಕ ಸ್ವಿಚ್ಚು ಅಂತಹ ಮನೆಗೆ ಅವಶ್ಯವಾದುದು. ಕೆಲಸವು ಪರವಾನಗಿ ಪಡೆದವರ ಕೈಯಲ್ಲಿಯೇ ನಡೆಯಬೇಕು. ಮೈನ್ ಸ್ವಿಚ್ಚನ್ನು ಆರಿಸಿ, ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಅದು ಮೊದಲಾಗಬೇಕು. ಕೆಲವು ರೂಪಾಯಿಗಳ ಉಳಿತಾಯಕ್ಕಾಗಿ, ಹಬ್ಬದೊಳಗೆ ಮುಗಿಯಲೆಂಬ ಆತುರಕ್ಕಾಗಿ, ಇವುಗಳಲ್ಲೊಂದನ್ನು ಬಿಟ್ಟರೂ ತಾಯಿಯ ಕಣ್ಣಿಗೆಂದು ತಂದ ಬೆಳಕು ಆಕೆಯ ಜೀವಕ್ಕೇ ಎರವಾಗಬಹುದು.

ಇವೆಲ್ಲವನ್ನೂ ಸರಿಯಾಗಿ ಮಾಡಿದ ಬಳಿಕ ಮನೆಯವರಿಗೆ ಉಳಿಯುವ ಕೆಲಸ ಅಲ್ಪ: ರಕ್ಷಕ ಸ್ವಿಚ್ಚಿನ ಪರೀಕ್ಷಾಗುಂಡಿಯನ್ನು ಆಗಾಗ ಒತ್ತಿ, ಅದು ಒಡನೆ ಬೀಳುವುದೇ ಎಂದು ನೋಡುವುದು. ಲಾಟೀನಿನ ಗಾಜನ್ನು ಒರೆಸುತ್ತಿದ್ದ ಸಂಜೆಯ ಕೆಲಸದಲ್ಲಿ ಇಂದಿನವರ ಪಾಲಿಗೆ ಬಂದುದು ಇಷ್ಟೇ. ಅದನ್ನೂ ಮರೆಯದಿರುವುದು ಲೇಸು.