ಮುಚ್ಚಿಟ್ಟ ಮಾತಿನ ಮನೆಗಳು

ಪ್ರೇತಗಳೂ ಮಾಟಮಂತ್ರಗಳೂ ತುಂಬಿದ ಕಾದಂಬರಿಯನ್ನು ಶರಣಧರ್ಮದ ಮನೆಯವರು ಎರಡೆರಡು ಬಾರಿ ಓದುವುದುಂಟೇ ಎಂದು ಹಿರಿಯರು ಕೇಳಿಯಾರು. ನಾವು ಓದಿದ್ದೇವೆ, ಎರಡನೆಯ ಬಾರಿ ಮೊದಲಿಗಿಂತ ಹೆಚ್ಚಿನ ಆಸ್ಥೆಯಿಂದಲೇ ಓದಿದ್ದೇವೆ. ಅಮೆರಿಕದ ಲೇಖಕಿ ಲಿಬ್ಬಾ ಬ್ರೇ ಅವರು ತರುಣ ವಾಚಕರಿಗಾಗಿ ಬರೆದು 2003ರಲ್ಲಿ ಪ್ರಕಟಿಸಿದ ‘ಎ ಗ್ರೇಟ್ ಅಂಡ್ ಟೆರಿಬಲ್ ಬ್ಯೂಟಿ’ ಎಂಬುದೇ ಆ ಕೃತಿ.

ಕಥೆ ತೊಡಗುವುದು 1895ರ ಜೂನ್ ತಿಂಗಳಿನ ಮುಂಬಯಿ ಪೇಟೆಯಲ್ಲಿ. ಮೊದಲ ಪುಟದಲ್ಲಿಯೇ ಬುಸುಗುಟ್ಟುವ ನಾಗರಹಾವು! ಹಾವಿಲ್ಲದ ಹಿಂದೂಸ್ತಾನ ಪಾಶ್ಚಾತ್ಯ ಲೇಖಕರಿಗೆ ದೊರೆಯುವುದೇ ಇಲ್ಲವೇನೋ. ಹದಿನಾರು ತುಂಬಿದ ದಿನವೇ ಜೆಮ್ಮಾ ಡಾಯ್ಲ್ ಎಂಬ ಆಂಗ್ಲ ಬಾಲಿಕೆ ತಾಯಿಯನ್ನು ಕಳೆದುಕೊಳ್ಳುತ್ತಾಳೆ. ಆ ಸಾವು ಹೇಗಾಯಿತೆಂಬುದು ಅವಳಿಗೆ ದಿವ್ಯದರ್ಶನದಂತೆ ಕಣ್ಣಿಗೆ ಕಟ್ಟುತ್ತದೆ. ಆದರೆ ಮನೆಯವರು ಲೋಕಕ್ಕೆ ಹೇಳುವುದು ಕಾಲರಾ ಎಂದು. ತಂದೆ ಅಫೀಮಿನ ದ್ರಾವಣಕ್ಕೆ ದಾಸನಾಗುತ್ತಾನೆ, ಅದನ್ನೂ ಮುಚ್ಚಿಡಲಾಗುತ್ತದೆ. ಮಗಳನ್ನು ಇಂಗ್ಲೆಂಡಿನ ಸ್ಪೆನ್ಸ್ ಎಂಬ ವಸತಿಶಾಲೆಗೆ ಸೇರಿಸುತ್ತಾರೆ.

ಮೊದಲ ಓದಿನಲ್ಲಿ ನಮ್ಮನ್ನು ಹಿಡಿದಿಟ್ಟದ್ದು ಅಲ್ಲಿಂದ ಮುಂದಿನ ಅದ್ಭುತ: ಬೆಳಕಿನ ಬಾಗಿಲು, ಅದರಾಚೆಯ ಮಾಯಾಲೋಕ, ಜೆಮ್ಮಾಳನ್ನು ಹಿಂಬಾಲಿಸುವ ಕಾರ್ತಿಕನೆಂಬ ಭಾರತೀಯ ತರುಣ. ಈ ಸಲ ಅವೆಲ್ಲ ಬೇಗನೆ ಸರಿದುಹೋದವು. ಮನಸ್ಸು ನಿಂತದ್ದು ಪಿಪ್ಪಾ ಎಂಬ ಗೆಳತಿಯ ಬಳಿ.

ಪಿಪ್ಪಾ ಪರಮಸುಂದರಿ. ಅವಳಿಗೆ ಮೂರ್ಛೆರೋಗವಿದೆ. ಹೆತ್ತವರು ಅದನ್ನು ಗುಟ್ಟಾಗಿಟ್ಟು, ವಯಸ್ಸಿನಲ್ಲಿ ಬಹಳ ಹಿರಿಯನಾದ ಸಿರಿವಂತ ವಕೀಲನೊಬ್ಬನಿಗೆ ಅವಳನ್ನು ಗೊತ್ತುಮಾಡಿದ್ದಾರೆ. ಮನೆಯ ಸಾಲ ತೀರಬೇಕಲ್ಲ! ಮಾಯಾಲೋಕದಲ್ಲಿ ಆ ಹುಡುಗಿ ಅಲ್ಲಿಯ ಹಣ್ಣನ್ನು ತಿಂದು, ಹಿಂದಿರುಗಲೊಲ್ಲದೆ ಅಲ್ಲಿಯೇ ಉಳಿದುಬಿಡುತ್ತಾಳೆ. ಇಲ್ಲಿ ಅವಳ ದೇಹ ನಿರ್ಜೀವವಾಗುತ್ತದೆ. ಮೊದಲು ಇದನ್ನು ನಾವು ಮಾಯೆಯ ಮೋಸವೆಂದು ಓದಿದ್ದೆವು. ಈಗ ಓದುವಾಗ ನೆನಪಾದದ್ದು ಕನ್ಯೆ ನೋಡುವ ಶಾಸ್ತ್ರದ ದಿನ ಒಳಕೋಣೆಯಲ್ಲಿ ಅಡಗಿಸಿಡುವ ಗುಳಿಗೆಯ ಡಬ್ಬಿ.

ಇದು ವಿಕ್ಟೋರಿಯಾ ರಾಣಿಯ ಕಾಲದ ಕಥೆಯೆಂದು ಸುಮ್ಮನಿರಲಾದೀತೇ? 1955ರ ಹಿಂದೂ ವಿವಾಹ ಕಾಯ್ದೆ ತನ್ನ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ಅದರ 5ನೆಯ ಕಲಮಿನಲ್ಲಿ, ಮರುಕಳಿಸುವ ಮೂರ್ಛೆರೋಗವೂ ಮದುವೆಗೆ ಅಡ್ಡಿಯೆಂದು ಎಣಿಕೆಯಾಗಿತ್ತು. ಆ ಪದವನ್ನು ತೆಗೆದದ್ದು 1999ರ ತಿದ್ದುಪಡಿ. ಔಷಧದಿಂದ ಬಹುಪಾಲು ಹತೋಟಿಗೆ ಬರುವ ಈ ಕಾಯಿಲೆಯನ್ನು ಕಾಯ್ದೆ ಬಿಟ್ಟುಕೊಟ್ಟರೂ, ನೆಂಟಸ್ತಿಕೆಯ ಮಾತುಕತೆ ಇನ್ನೂ ಬಿಟ್ಟುಕೊಟ್ಟಿಲ್ಲ. ಹೇಳಿದರೆ ಸಂಬಂಧ ಮುರಿದೀತೆಂಬ ಭಯ ಹೆತ್ತವರಿಗೆ. ಗುಟ್ಟು ಹೊರಬಿದ್ದೀತೆಂದು ಗುಳಿಗೆ ತಪ್ಪಿಸಿ ನಿಜಕ್ಕೂ ಅಪಾಯಕ್ಕೆ ಸಿಲುಕುವವಳು ಮಗಳು.

ಸ್ಪೆನ್ಸ್ ಶಾಲೆಯ ನಾಲ್ವರು ಗೆಳತಿಯರೂ ರಾತ್ರಿ ಗುಹೆಯೊಂದರಲ್ಲಿ ಕೂಡಿ ಹಳೆಯ ದಿನಚರಿಯನ್ನು ಓದುತ್ತಾರೆ. ನಿನಗೇನು ಬೇಕಮ್ಮಾ ಎಂದು ಹಿರಿಯರಾರೂ ಕೇಳದ ಕಾರಣ ತಮ್ಮತಮ್ಮಲ್ಲಿಯೇ ಕೇಳಿಕೊಳ್ಳುತ್ತಾರೆ. ಇಲ್ಲಿ ನಮಗೆ ಶೂನ್ಯಸಂಪಾದನೆಯ ಪ್ರಸಂಗವೊಂದು ಸ್ಮರಣೆಗೆ ಬಂತು. ಅರಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ನಿಷ್ಠುರವಾಗಿ ಪರೀಕ್ಷಿಸುತ್ತಾರೆ. ಪ್ರಶ್ನೆ ಕಟುವೇ ಹೌದು. ಆದರೆ ಅವಳ ಉತ್ತರಕ್ಕಾಗಿ ಇಡೀ ಸಭೆ ಕಾಯುತ್ತದೆ. ಪಿಪ್ಪಾಳ ಮನೆಯಲ್ಲಿ ಕಾದವರಿಲ್ಲ.

ದಿನಚರಿ ಬರೆದವಳು ಮೇರಿ ಡೌಡ್. ಅವಳೇ ತನ್ನ ತಾಯಿಯೆಂದು ಜೆಮ್ಮಾಳಿಗೆ ತಿಳಿಯುವುದು ಬಹಳ ತಡವಾಗಿ. ತಾರುಣ್ಯದಲ್ಲಿ ಶಕ್ತಿಯ ಆಸೆಗೆ ಒಂದು ಮಗುವಿನ ಬಲಿಯಲ್ಲಿ ಪಾಲುಗೊಂಡ ಘೋರ ಪಾತಕ ಅವಳದು. ಅದನ್ನು ಮಗಳಿಗೆ ಒಪ್ಪಿಸುವುದು ಸತ್ತ ಮೇಲೆ, ಮಾಯಾಲೋಕದಲ್ಲಿ. ಮಗಳು ಮೊದಲು ಸಿಡಿಮಿಡಿಗೊಳ್ಳುತ್ತಾಳೆ, ಆಮೇಲೆ ಕ್ಷಮಿಸುತ್ತಾಳೆ. ಕೃತಿಯ ಅತ್ಯುತ್ತಮ ಪುಟಗಳು ಇವೇ ಎಂಬುದು ನಮ್ಮ ಮತ.

2005 ಹಾಗೂ 2007ರಲ್ಲಿ ಬಂದ ಮುಂದಿನ ಸಂಪುಟಗಳು ಗಾತ್ರದಲ್ಲಿ ದೊಡ್ಡವು, ಕೊನೆಯದಂತೂ ವಿಪರೀತ ದೊಡ್ಡದು. ಹದಿನಾರು ದಾಟಿದ ಮಕ್ಕಳಿಗೆ ಮೊದಲನೆಯದನ್ನು ಧಾರಾಳವಾಗಿ ಕೊಡಬಹುದು. ಪಿಪ್ಪಾಳ ಅಧ್ಯಾಯಗಳನ್ನು ತಾಯಂದಿರೂ ಜೊತೆಯಲ್ಲಿ ಕುಳಿತು ಓದಲಿ.