ಚಪ್ಪಲಿ ಕಾದ ಹುಡುಗ

ಮುಡುಕುತೊರೆಯ ಮಲ್ಲಿಕಾರ್ಜುನಸ್ವಾಮಿ ಬೆಟ್ಟಕ್ಕೆ ಒಮ್ಮೆ ಮಕ್ಕಳನ್ನು ಕರೆದೊಯ್ದಿದ್ದೆ. ನಿಮ್ಮಲ್ಲಿ ಕೆಲವರಿಗೆ ಆ ದಿನ ನೆನಪಿರಬಹುದು. ಪೋಲಿಯೊದಿಂದ ಕಾಲು ಸೋತಿದ್ದ ಹುಡುಗನೊಬ್ಬನನ್ನು, "ನೀನು ಇಲ್ಲೇ ಚಪ್ಪಲಿ ಕಾಯುತ್ತಿರಪ್ಪ" ಎಂದು ಮೆಟ್ಟಿಲ ಬುಡದಲ್ಲಿ ಕೂರಿಸಿದೆ. ಅದನ್ನು ಕನಿಕರವೆಂದೇ ಭಾವಿಸಿದ್ದೆ.

ನಿವೃತ್ತಿಯ ನಂತರ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಓದುವಾಗ ಆ ಮುಖ ಕಣ್ಣೆದುರು ಬಂದಿತು. ಈ ಕಾಯ್ದೆಗೆ ಮೂಲ, 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆ. ಭಾರತ ಅದನ್ನು 2007ರಲ್ಲಿ ಅನುಮೋದಿಸಿತು. ಆದರೆ ಇಂಥ ಒಪ್ಪಂದ ತಾನಾಗಿಯೇ ನಮ್ಮ ನೆಲದ ಕಾನೂನಾಗದು. ಸಂವಿಧಾನದ 253ನೇ ವಿಧಿ ಕೊಟ್ಟ ಅಧಿಕಾರದಿಂದ ಸಂಸತ್ತು ಶಾಸನ ರಚಿಸಬೇಕು. ಅದಕ್ಕೆ ಒಂಬತ್ತು ವರ್ಷ ಹಿಡಿಯಿತು! 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಹೊಸದರಲ್ಲಿ 21. ಒಡಂಬಡಿಕೆಯಿಂದ ಕಾಯ್ದೆಗೆ ಇಳಿದು ಬಂದ ಒಂದು ಮಾತು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು: ತಕ್ಕ ಅನುಕೂಲವನ್ನು ನಿರಾಕರಿಸುವುದೂ ತಾರತಮ್ಯವೇ.

ಅಂದು ಗಟ್ಟಿಮುಟ್ಟಾದ ಹುಡುಗರು ಹಲವರಿದ್ದರು. ಒಂದು ಕುರ್ಚಿ ಕೇಳಿದ್ದರೆ ಊರಿನವರು ಇಲ್ಲವೆನ್ನುತ್ತಿರಲಿಲ್ಲ. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾವು ಇಳಿದು ಬಂದಾಗ ಅವನು ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ಸಾಲಿಗಿಟ್ಟು ಕುಳಿತಿದ್ದ. "ಸಾರ್, ಮೇಲಿಂದ ಹೊಳೆ ಕಾಣುತ್ತಾ?" ಎಂದು ಕೇಳಿದ.